ತುಪ್ಪ ಸವರಿದ ಅಂಗೈ

ಆಗ ನನಗೆ ಹದಿನಾರು ವರ್ಷ. ಅದಾಗಿ ನಲವತ್ತನಾಲ್ಕು ವರ್ಷವಾಯಿತು. ನವಲಗುಂದದ ಆ ಮನೆ ಈಗ ಇಲ್ಲ, ಕೆಡವಿ ಅಂಗಡಿ ಕಟ್ಟಿದ್ದಾರೆ. ನನಗೆ ಅದರ ದುಃಖವೇನೂ ಇಲ್ಲ. ಆ ಮನೆಯನ್ನು ನೆನೆದು ಕಣ್ಣಲ್ಲಿ ನೀರು ಬಂತೆಂದು ಬರೆದರೆ ಸುಳ್ಳು ಬರೆದಂತೆ. ಆದರೆ ಅದರ ಗೋಡೆಯ ಒಂದೊಂದು ಬಿರುಕೂ ನನಗೆ ಬಾಯಿಪಾಠ, ಯಾಕೆಂದರೆ ಮೂರು ವರ್ಷ ನಾನು ಬೇರೆ ಏನನ್ನೂ ನೋಡಲಿಲ್ಲ. ಶಾಲೆಯನ್ನು ಮೂರನೆಯ ಇಯತ್ತೆಗೇ ಬಿಡಿಸಿದ್ದರು. ದೊಡ್ಡವಳಾದ ಮೇಲೆ ಅಪ್ಪ ತಲೆಬಾಗಿಲ ಹೊಸ್ತಿಲು ತೋರಿಸಿ, ಇನ್ನು ಇದು ನಿನ್ನ ಹದ್ದು ಅಂದ. ಹೊಲದ ಹದ್ದಿನ ಕಲ್ಲು ತೋರಿಸುವಾಗಲೂ ಅವನದು ಅದೇ ದನಿ. ನೀರಿಗೆ ಅವ್ವ ಹೋಗುತ್ತಿದ್ದಳು, ಸಂತೆಗೆ ಅಪ್ಪ. ನಾನು ರೊಟ್ಟಿ ಬಡಿಯುತ್ತಿದ್ದೆ. ಮಾಳಿಗೆಯ ಬೆಳಕಿಂಡಿಯಿಂದ ಒಂದು ಗಂಗಾಳದಷ್ಟು ಬಿಸಿಲು ಪಡಸಾಲೆಯ ನೆಲಕ್ಕೆ ಬೀಳುತ್ತಿತ್ತು. ಬೆಳಿಗ್ಗೆ ಬೀಸುವ ಕಲ್ಲಿನ ಹತ್ತಿರ ಇರುವುದು, ಹೊತ್ತು ಇಳಿಯುವಾಗ ಕಂಬ ಹತ್ತಿ ಹೋಗಿಬಿಡುವುದು. ದಿನಾ ಅದನ್ನೇ ನೋಡುತ್ತಿದ್ದೆ.

ಮನೆಯ ಮುಂಭಾಗದಲ್ಲಿ, ಮೊದಲು ಎತ್ತು ಕಟ್ಟುತ್ತಿದ್ದ ಜಾಗದಲ್ಲಿ, ಈರಣ್ಣ ಕಾಕಾನ ಫೋಟೋ ಸ್ಟುಡಿಯೋ ಇತ್ತು. ಕಾಕಾ ಅಪ್ಪನ ತಮ್ಮ. ಹುಬ್ಬಳ್ಳಿಯಲ್ಲಿ ಒಬ್ಬರ ಕೈಕೆಳಗೆ ಕೆಲಸ ಕಲಿತು ಬಂದವನು ಎತ್ತುಗಳನ್ನು ಹಿತ್ತಲಿಗೆ ಸಾಗಿಸಿ, ಗೋದಲಿಯ ಮೇಲೆ ಹಲಗೆ ಹಾಕಿ, ಕೆರೆ ಮತ್ತು ಕಮಲ ಬರೆಸಿದ ಪರದೆ ಇಳಿಬಿಟ್ಟ. ಕೋಟು ಹಾಕಿಕೊಂಡು ಕೆರೆಯ ಮುಂದೆ ಕುಳಿತವರಿಗೂ ಮಳೆಗಾಲದಲ್ಲಿ ಸಗಣಿಯ ವಾಸನೆ ಬರುತ್ತಿತ್ತು. ಸ್ಟುಡಿಯೋಕ್ಕೂ ಪಡಸಾಲೆಗೂ ನಡುವೆ ಕಿಟಕಿಯಿಲ್ಲದ ಒಂದು ಕೋಣೆ. ಮನೆಯವರು ಮೊದಲಿನಿಂದಲೂ ಅದಕ್ಕೆ ಮೂಲೆ ಕೋಣೆ ಅನ್ನುತ್ತಿದ್ದರು. ಕಾಕಾ ಅದಕ್ಕೆ ಕರಿ ಬಣ್ಣ ಬಳಿದು, ಒಂದು ಕೆಂಪು ಬಲ್ಬು, ಒಂದು ಬಿಳಿ ಬಲ್ಬು ಹಾಕಿ ಫೋಟೋ ತೊಳೆಯುವ ಕತ್ತಲೆ ಕೋಣೆ ಮಾಡಿಕೊಂಡ. ಒಳಗೆ ಸಾಲಾಗಿ ಮೂರು ಪರಾತಗಳು. ಮೊದಲನೆಯದರಲ್ಲಿ ಚಿತ್ರ ಎಬ್ಬಿಸುವ ಔಷಧ, ಎರಡನೆಯದರಲ್ಲಿ ಎದ್ದ ಚಿತ್ರವನ್ನು ಹಿಡಿದು ನಿಲ್ಲಿಸುವ ಹೈಪೋ, ಮೂರನೆಯದರಲ್ಲಿ ಬರೀ ನೀರು. ಬಾಗಿಲಿಗೆ ಒಳಗಿನಿಂದ ಕಬ್ಬಿಣದ ಚಿಲಕ. ಇಡೀ ಮನೆಯಲ್ಲಿ ಒಳಗಿನಿಂದ ಚಿಲಕವಿದ್ದ ಕೋಣೆ ಅದೊಂದೇ. ಅದು ಬಿದ್ದಾಗ ಅಪ್ಪನೂ ಬಾಗಿಲು ಮುಟ್ಟುವಂತಿರಲಿಲ್ಲ, ಬೆಳಕು ಹೊಕ್ಕರೆ ಹಾಳೆ ಕೆಡುತ್ತಿತ್ತು.

ಕಾಕಾನಿಗೆ ನೀರು ತುಂಬಲು, ಫೋಟೋ ಜಾಲಾಡಲು, ಒಣಹಾಕಲು ಒಂದು ಕೈ ಬೇಕಿತ್ತು. ಬೀದಿಗೆ ಕಾಣದ ಕೆಲಸ, ಮಾಡಲಿ ಎಂದು ಅಪ್ಪ ಒಪ್ಪಿದ. ಹಾಗಾಗಿ ಊರಿನ ಮಂದಿಯನ್ನು ನಾನು ಪರಾತದಲ್ಲಿ ನೋಡಿದೆ. ಮೊದಲು ಗೋಡೆಯಾಚೆ ದನಿ ಕೇಳುತ್ತಿತ್ತು, ಉಸಿರು ಹಿಡೀರಿ ಎಂದು ಕಾಕಾ ಹೇಳುತ್ತಿದ್ದ, ಯಾರಾದರೂ ಕಿಸಕ್ಕನೆ ನಗುತ್ತಿದ್ದರು. ಎರಡು ದಿನ ಬಿಟ್ಟು ಆ ಮುಖ ನೀರಿನಡಿ ಏಳುತ್ತಿತ್ತು, ಮೊದಲು ಕೂದಲು ಮತ್ತು ಹುಬ್ಬು, ಆಮೇಲೆ ತುಟಿ. ಬಜಾರದ ಎಲ್ಲ ಅಂಗಡಿಕಾರರೂ ನನಗೆ ಗೊತ್ತಿದ್ದರು. ಅವರಲ್ಲಿ ಒಬ್ಬರಿಗೂ ನಾನು ಗೊತ್ತಿರಲಿಲ್ಲ.

ಒಂದು ಮಳೆಗಾಲ ಮುಗಿದು ಬಿಸಿಲು ಬಿದ್ದಾಗ ಅವ್ವ ಬೇಳೆ, ಕಡಲೆ, ಮೆಣಸಿನಕಾಯಿ ಎಲ್ಲ ಹಿತ್ತಲಲ್ಲಿ ಹರವಿದಳು. ಜೊತೆಗೆ ಕಾಕಾನ ಫೋಟೋ ಹಾಳೆಯ ದೊಡ್ಡ ಡಬ್ಬಿಯನ್ನೂ ಬಿಚ್ಚಿ, ಕರಿ ಕಾಗದ ತೆಗೆದು, ಹಾಳೆಗಳನ್ನು ಹಪ್ಪಳದ ಹಾಗೆ ಧೋತರದ ಮೇಲೆ ಹರವಿದಳು. ಕಾಕಾ ಬಂದು ನೋಡಿದಾಗ ಬಿಳಿ ಹಾಳೆಗಳೆಲ್ಲ ನೇರಳೆ ಬಣ್ಣಕ್ಕೆ ತಿರುಗಿದ್ದವು.

"ವೈನೀ, ಏನ್ ಮಾಡೀರಿ ಇದು?"

"ಥಂಡಿ ಹಿಡಿದಿತ್ತೋ ಈರಣ್ಣಾ. ಹುಳ ಬಿದ್ದೀತಂತ ಬಿಸಲಿಗೆ ಹಾಕೀನಿ."

"ಇದಕ್ಕ ಹುಳ ಬೀಳಾಂಗಿಲ್ರಿ. ಬಿಸಲ ಬೀಳ್ತದ."

"ಹಂಗಂದ್ರ?"

"ಹಂಗಂದ್ರ ಒಲಿಗೆ ಹಾಕ್ರಿ ಇನ್ನ."

ಒಲೆಯ ಮುಂದೆ ಕೂರುವವಳು ನಾನು, ಹಾಗಾಗಿ ಹಾಳೆಗಳು ನನ್ನ ಪಾಲಿಗೆ ಬಂದವು. ಅವತ್ತು ಹೋಳಿಗೆಗೆ ತುಪ್ಪ ಸವರಿದ ಕೈಯಲ್ಲೇ ಒಂದು ಹಾಳೆ ಎತ್ತಿದೆ, ಬೆರಳು ಮೂಡಿ ಕಲೆಯಾಯಿತು. ತೊಳೆದರೆ ಹೋದೀತೆಂದು ಕತ್ತಲೆ ಕೋಣೆಗೆ ಒಯ್ದು ಮೊದಲ ಪರಾತದಲ್ಲಿ ಅದ್ದಿದೆ. ಹಾಳೆಯೆಲ್ಲ ಹಂಚಿನ ಹಾಗೆ ಕಪ್ಪಾಯಿತು, ತುಪ್ಪ ತಾಗಿದ್ದಲ್ಲಿ ಮಾತ್ರ ಆಗಲಿಲ್ಲ. ಹೈಪೋದಲ್ಲಿ ಹಾಕಿ ತೆಗೆದರೆ ಕಪ್ಪಿನ ನಡುವೆ ನನ್ನ ನಾಲ್ಕು ಬೆರಳು ಗೋಧಿ ಬಣ್ಣದಲ್ಲಿ ನಿಂತಿದ್ದವು. ಕ್ಯಾಮೆರಾ ಇಲ್ಲ, ಕೆರೆಯ ಪರದೆ ಇಲ್ಲ, ಉಸಿರು ಹಿಡಿಯೆಂದು ಹೇಳಿದವರಿಲ್ಲ.

ಅಂದಿನಿಂದ ಅಡುಗೆ ಮನೆಯಲ್ಲಿ ಇದ್ದದ್ದೆಲ್ಲ ಆ ಹಾಳೆಯ ಮೇಲೆ ಬಿತ್ತು. ಶೇಂಗಾ ಎಣ್ಣೆ ಹರಿದು ಚಿತ್ರ ಕೆಡಿಸುತ್ತಿತ್ತು. ಕುಸುಬೆ ಎಣ್ಣೆಯೂ ಹಾಗೆಯೇ, ಆದರೆ ಅದರಲ್ಲಿ ಸ್ವಲ್ಪ ಜೇನುಮೇಣ ಕರಗಿಸಿದರೆ ಕೂದಲಿನಷ್ಟು ಸಣ್ಣ ಗೆರೆಯೂ ನಿಲ್ಲುತ್ತಿತ್ತು. ಬೆಲ್ಲದ ಪಾಕ ಔಷಧದಲ್ಲಿ ಮೆಲ್ಲಗೆ ಕರಗುತ್ತ ಉಂಗುರದ ಒಳಗೆ ಉಂಗುರ ಬಿಡುತ್ತಿತ್ತು, ಮರ ಕಡಿದರೆ ಕಾಣುವ ಹಾಗೆ. ವಿಭೂತಿ ಹಚ್ಚಿದೆ, ಏನೂ ಆಗಲಿಲ್ಲ. ಚಳಿಗಾಲದ ಗಟ್ಟಿ ತುಪ್ಪದಷ್ಟು ಒಳ್ಳೆಯದು ಯಾವುದೂ ಇರಲಿಲ್ಲ. ಕಾಕಾ ಕತ್ತರಿಸಿ ಬಿಸಾಡಿದ ಒಳ್ಳೆಯ ಹಾಳೆಯ ತುಂಡು ಸಿಕ್ಕರೆ ಕೆಂಪು ಬೆಳಕಿನಲ್ಲಿ ಅದರ ಮೇಲೆ ಅರಳೆಯ ಎಳೆ, ಜೋಳದ ಕಾಳು, ಶಾವಿಗೆ ಇಟ್ಟು, ಬಿಳಿ ಬಲ್ಬು ಹಾಕಿ ಮೂರು ಎಣಿಸಿ ಆರಿಸುತ್ತಿದ್ದೆ. ಔಷಧದಲ್ಲಿ ಅದ್ದಿದರೆ ಸುತ್ತ ಕಪ್ಪು, ವಸ್ತು ಇದ್ದಷ್ಟು ಜಾಗ ಬಿಳಿ. ಅವ್ವನ ಜರಡಿಯನ್ನೂ ಇಟ್ಟೆ. ಹಿಟ್ಟು ಜರಡಿ ಹಿಡಿಯಲು ಅವಳು ಮನೆಯೆಲ್ಲ ಅದನ್ನು ಹುಡುಕಿದಳು. ಬಿಸಿಲು ತಿಂದ ನೇರಳೆ ಹಾಳೆಗೆ ಕತ್ತಲೆ ಬೇಕಿರಲಿಲ್ಲ, ಹಿತ್ತಲಲ್ಲಿ ಕುಳಿತೂ ಮಾಡಬಹುದಿತ್ತು. ಆದರೂ ಒಳಗೆ ಹೋಗಿ ಚಿಲಕ ಹಾಕಿಕೊಳ್ಳುತ್ತಿದ್ದೆ. ಚಿಲಕ ನನಗೆ ಬೇಕಿತ್ತು.

ಕಾಕಾ ಒಂದು ದಿನ ತಂತಿಗೆ ನೇತುಹಾಕಿದ್ದ ನನ್ನ ಇಡೀ ಅಂಗೈಯ ಹಾಳೆ ನೋಡಿದ. ಅಂಗೈಯ ಗೆರೆಗಳು ತಗ್ಗಿನಲ್ಲಿರುತ್ತವೆ, ಹಾಳೆಗೆ ತಾಗುವುದಿಲ್ಲ, ಅಲ್ಲಿ ಔಷಧ ಹೊಕ್ಕು ಕಪ್ಪು ಗೆರೆ ಮೂಡಿರುತ್ತದೆ. ಕಾಕಾ ಅದನ್ನು ಬಾಗಿಲ ಬೆಳಕಿಗೆ ಹಿಡಿದ.

"ಕಲ್ಲೀ, ಇದನ್ನ ಯಾರ್ ಕಲಿಸಿದ್ರು ನಿನಗ?"

"ಅವ್ವನ ಬಿಸಲು, ಹೋಳಿಗಿ ತುಪ್ಪ."

"ಗೆರಿ ಗೆರಿ ಬಂದಾವಲ್ಲಲೇ. ನನ್ನ ಕ್ಯಾಮೆರಾಕ್ಕ ಇದು ಬರಾಂಗಿಲ್ಲ."

ಬೈಯಲಿಲ್ಲ, ಹಾಳೆ ಮಡಿಚಿ ಕಿಸೆಯಲ್ಲಿಟ್ಟುಕೊಂಡ. ಅವನು ಬೈದಿದ್ದರೆ ಚೆನ್ನಾಗಿತ್ತು.

ಅದೇ ಚಳಿಗಾಲ ಕುಂದಗೋಳದ ಕಡೆಯಿಂದ ನನಗೊಂದು ಸಂಬಂಧ ಬಂತು. ಗಂಡಿಗೆ ಹಿಟ್ಟಿನ ಗಿರಣಿ ಇತ್ತು, ಮೂವತ್ತೈದರ ಮೇಲೆ ವಯಸ್ಸು, ಮೊದಲ ಹೆಂಡತಿ ಜ್ವರ ಬಂದು ತೀರಿದ್ದಳು. ಮಾತುಕತೆಗೆ ಬಂದಾಗ ಕಾಕಾ ಅವನನ್ನು ಕೆರೆಯ ಮುಂದೆ ಕೂರಿಸಿ ಒಂದು ಫೋಟೋ ತೆಗೆದ. ನಾನು ಗೋಡೆಯ ಈಚೆ ನೀರು ಬದಲಿಸುತ್ತಿದ್ದೆ.

"ನಮ್ಮ ಹುಡಿಗಿ ಮನಿ ಬಿಟ್ಟು ಹೊರಗ ಹೋದಾಕಿ ಅಲ್ಲರಿ," ಎಂದ ಕಾಕಾ.

"ಅದ ಬೇಕ್ರಿ ನನಗ. ಮೊದಲಿನಾಕಿ ಒಂಬತ್ತ ವರ್ಷ ಬಾಳೇವು ಮಾಡಿದ್ಲು, ಒಂದಿನ ಹೊಸ್ತಿಲಾ ದಾಟಲಿಲ್ಲ. ಹೋಗೂಮುಂದನ ದಾಟಿದ್ದು. ಅಂಥಾಕಿ ಸಿಗೂದು ಕಠಿಣ."

ಅವನು ಅದನ್ನು ಹೊಗಳಿಕೆಯೆಂದೇ ಹೇಳಿದ, ದನಿಯಲ್ಲಿ ನಿಜವಾಗಿ ದುಃಖವಿತ್ತು. ಎರಡು ದಿನದ ಮೇಲೆ ಅವನ ಮುಖ ಪರಾತದಲ್ಲಿ ಎದ್ದಿತು. ಕೆಟ್ಟ ಮುಖವೇನಲ್ಲ. ಆದರೆ ನನಗೆ ಆ ಮುಖದ ಬೆನ್ನಿಗೆ ಅವನ ಮನೆ ಕಾಣುತ್ತಿತ್ತು. ಅಲ್ಲೂ ಬೆಳಕಿಂಡಿಯ ಬಿಸಿಲು ಇದ್ದೀತು. ಚಿಲಕ ಹಾಕಿಕೊಳ್ಳುವ ಕೋಣೆ ಇರುವುದಿಲ್ಲ. ಒಂಬತ್ತು ವರ್ಷ ಎಂದು ಬೆರಳು ಮಡಿಚಿ ಎಣಿಸಿದೆ, ನನ್ನ ಮೂರು ವರ್ಷಕ್ಕೆ ಅದು ಮೂರು ಪಟ್ಟು. ಹೋಗಲಾರೆ ಎಂದು ಅವ್ವನಿಗೆ ಹೇಳಿದೆ. ಎಲ್ಲಾರೂ ಹೋಗ್ಯಾರ ಎಂದು ಅವ್ವ ರೊಟ್ಟಿ ತಿರುವಿ ಹಾಕಿದಳು.

ಒಬ್ಬ ಸೊಸೆಯನ್ನು ಕಳೆದುಕೊಂಡ ಗಂಡಿನ ತಾಯಿ, ಈ ಸಲ ಕೈ ನೋಡಿಸಿಯೇ ತರುತ್ತೇನೆಂದು ಹಟ ಹಿಡಿದಿದ್ದಳು. ನನಗೆ ಜಾತಕವಿರಲಿಲ್ಲ. ಕೈ ನೋಡುವ ಅವರ ಕಡೆಯ ಅಯ್ಯನವರು ಹಣ್ಣು ಮುದುಕರು, ಕಣ್ಣು ಮಂಜು, ಊರು ಬಿಟ್ಟು ಬರುವವರಲ್ಲ. ನನ್ನನ್ನು ಕಳಿಸುವುದಕ್ಕೆ ಅಪ್ಪ ಒಪ್ಪಲಿಲ್ಲ. ಆಗ ಕಾಕಾ ಕಿಸೆಯಿಂದ ಆ ಹಾಳೆ ತೆಗೆದ. ಹುಡುಗಿ ಯಾಕೆ, ಕೈಯನ್ನಷ್ಟೇ ಕಳಿಸೋಣ ಅಂದ. ಎಲ್ಲರಿಗೂ ಖುಷಿಯೋ ಖುಷಿ. ನಾನು ಕದ್ದು ಕಲಿತ ಆಟವೇ ನನ್ನನ್ನು ಒಯ್ದು ಕೊಡುವುದಕ್ಕೆ ನಿಂತಿತು.

ಹೆಣ್ಣಿಗೆ ಎಡಗೈ ನೋಡುವುದು ಪದ್ಧತಿ. ಎಡಗೈಗೆ ತುಪ್ಪ ಸವರಿ, ಒತ್ತಿ, ತೊಳೆದು ಕೊಟ್ಟೆ. ವಾರದಲ್ಲಿ ಹಾಳೆ ತಿರುಗಿ ಬಂತು. ಇದು ಬಲಗೈ, ಎಡಗೈ ಮುಚ್ಚಿಟ್ಟು ಬಲಗೈ ಯಾಕೆ ಕಳಿಸಿದಿರಿ ಎಂದು ಅವರ ಕಡೆಯ ಮನುಷ್ಯ ಜಬರಿಸಿ ಕೇಳಿದ. ಎಡಗೈ ಒತ್ತಿದರೆ ಹಾಳೆಯ ಮೇಲೆ ಹೆಬ್ಬೆರಳು ಆಚೆ ಬದಿಗೆ ಬಂದು ಬಲಗೈಯ ಹಾಗೇ ಕಾಣುತ್ತದೆ, ಕನ್ನಡಿಯ ಲೆಕ್ಕ. ಕಾಕಾ ಆ ಮನುಷ್ಯನ ಮುಂದೆ ತನ್ನ ಕೈಯನ್ನು ಮಗುಚಿ, ತಿರುವಿ, ಗೋಡೆಗೆ ಒತ್ತಿ ತೋರಿಸಿದ. ಅವನು ಎಲ್ಲಕ್ಕೂ ಹೌದ್ರಿ ಹೌದ್ರಿ ಅಂದು, ಕೊನೆಗೆ ಎಡಗೈ ಕೊಡ್ರಿ ಅಂದ. ಕಾಕಾ ಒಳಗೆ ಬಂದು ಅಪ್ಪನ ಕಿವಿಯಲ್ಲಿ ಹೇಳಿದ್ದು ನನಗೂ ಕೇಳಿಸಿತು.

"ಬಲಗೈ ಒತ್ತಿದ್ರಾತು ಬಿಡಣ್ಣಾ. ಎಡಗೈ ಕಂಡಂಗ ಕಾಣ್ತದ. ಹಾಳಿ ಮ್ಯಾಲ ಯಾ ಕೈ ಅಂತ ಯಾರಿಗೆ ಗೊತ್ತಾಗತೈತಿ?"

"ಗೊತ್ತಾಗಲಿಲ್ಲಂದ್ರ ಆತು," ಅಂದ ಅಪ್ಪ.

ಅಪ್ಪ ಆ ಮಾತು ಅಂದದ್ದರಿಂದಲೇ ನನಗೆ ದಾರಿ ಕಂಡಿತು. ಯಾವ ಕೈ ಎಂದು ಗೊತ್ತಾಗದಿದ್ದರೆ, ಯಾರ ಕೈ ಎಂದೂ ಗೊತ್ತಾಗಬೇಕಿಲ್ಲ. ಮರುದಿನ ಕಾಕಾ ಒಂದು ಲಗ್ನದ ಫೋಟೋ ತೆಗೆಯಲು ಹೋದ, ಕೈ ಒತ್ತಿ ಇಟ್ಟಿರು, ಮಧ್ಯಾಹ್ನ ಬಂದು ಒಯ್ಯುತ್ತಾರೆ ಎಂದು ಹೇಳಿ. ಅಪ್ಪ, ಅವ್ವ ಹೊಲಕ್ಕೆ ಹೋದರು. ಮನೆಯಲ್ಲಿ ಉಳಿದದ್ದು ನಾನು ಮತ್ತು ಆಯಿ. ಆಯಿ ಅಪ್ಪನ ತಾಯಿ. ಹತ್ತೊಂಬತ್ತಕ್ಕೆ ಗಂಡ ಸತ್ತವಳು, ಅಪ್ಪ ಹೊಟ್ಟೆಯಲ್ಲಿದ್ದ, ಕಾಕಾ ಆಕೆಯ ತಂಗಿಯ ಮಗ, ತಾನೇ ಸಾಕಿದ್ದು. ಕಂಬಕ್ಕೆ ಒರಗಿ ದಿನವೆಲ್ಲ ಶೇಂಗಾ ಒಡೆಯುತ್ತಿದ್ದಳು. ಅವಳ ಕೈ ನನ್ನ ಕೈಯಷ್ಟೇ ಸಣ್ಣದು. ರೊಟ್ಟಿ ಬಡಿದು, ಔಷಧದಲ್ಲಿ ಅದ್ದಿ ನನ್ನ ಕೈಯೂ ಹದಿನಾರರ ಕೈಯಂತೆ ಇರಲಿಲ್ಲ. ಅವಳ ಬಲ ಹೆಬ್ಬೆರಳ ಬುಡದಲ್ಲಿ ಒಂದು ಕುಡುಗೋಲಿನ ಗಾಯದ ಗುರುತು ಇತ್ತು, ಅಷ್ಟೇ ಬೇರೆ.

"ಆಯಿ, ನಿನ್ನ ಕೈ ಬೇಕಾಗೇತಿ."

"ಯಾತಕ್ಕ? ನನ್ನ ಕೈಯಾಗ ಏನೈತಿ?"

"ಅದಕ್ಕ. ನಿನ್ನ ಕೈ ನೋಡಿದ್ರ ಅಯ್ಯನಾರು ಈ ಹುಡಿಗಿ ಮುಂಡಿ ಆಗತಾಳ ಅಂತಾರ. ಅವರು ಬ್ಯಾಡಂತಾರ."

ಹೀಗೇ ಹೇಳಿದೆ. ಆಯಿ ಒಂದು ಶೇಂಗಾ ಒಡೆದು, ಕಾಳು ಬುಟ್ಟಿಗೆ ಹಾಕಿ, ಸಿಪ್ಪೆ ಮಡಿಲಿಗೆ ಹಾಕಿಕೊಂಡಳು.

"ಖೋಡಿ," ಎಂದು ಬೈದಳು. ಆಮೇಲೆ ಮೊಣಕಾಲಿನ ಮೇಲೆ ಕೈಯೂರಿ ಎದ್ದಳು.

ಕತ್ತಲೆ ಕೋಣೆಯ ಬಾಗಿಲಲ್ಲಿ ಬಂದು ನಿಂತುಬಿಟ್ಟಳು. ಕಾಕಾ ಅಲ್ಲಿ ಕೆಲಸ ಶುರು ಮಾಡಿದ ಮೇಲೆ ಆಕೆ ಒಮ್ಮೆಯೂ ಒಳಗೆ ಬಂದಿರಲಿಲ್ಲ, ಔಷಧದ ವಾಸನೆ ಆಗುವುದಿಲ್ಲವೆಂದು ನಾನು ತಿಳಿದಿದ್ದೆ. ಕೆಂಪು ಬಲ್ಬು, ಕರಿ ಗೋಡೆ, ಎಲ್ಲ ನೋಡಿ ಬಾಗಿಲ ಹಿಂದೆ ಕೈಯಾಡಿಸಿ ಚಿಲಕ ಮುಟ್ಟಿದಳು.

"ನಿಮ್ಮಜ್ಜ ಸತ್ತಾಗ ನನ್ನ ಇಲ್ಲೇ ಕೂಡ್ರಿಸಿದ್ರು. ಒಂದು ವರ್ಷ. ಹಡದದ್ದೂ ಇಲ್ಲೇ. ಅದಕ್ಕ ಇದು ಮೂಲಿ ಕೋಣಿ."

"ಯಾರೂ ಹೇಳಲಿಲ್ಲ ನನಗ."

"ಹೇಳೂವಂಥಾದ್ದೇನೈತಿ. ಆಗ ಚಿಲಕ ಹೊರಗಿತ್ತು, ಅಷ್ಟ."

ಬಲಗೈ ಚಾಚಿದಳು. ತುಪ್ಪ ಗಟ್ಟಿಯಿತ್ತು, ತೆಳ್ಳಗೆ ಸವರಿದೆ. ಹಾಳೆಯ ಮೇಲೆ ಒತ್ತುವಾಗ, ನನ್ನ ಕೈಯನ್ನ ಮದಿವಿಗಿಂತ ಮೊದಲ ಯಾರೂ ನೋಡಲಿಲ್ಲ, ಈಗರ ನೋಡಲಿ ಎಂದಳು. ಚಿತ್ರ ಬಹಳ ಚೆನ್ನಾಗಿ ಎದ್ದಿತು. ಒಡೆದ ಅಂಗೈಯ ಗೆರೆಗಳು ಬೇಸಿಗೆಯ ಎರೆ ಹೊಲದ ಬಿರುಕಿನ ಹಾಗೆ ಇದ್ದವು, ಕುಡುಗೋಲಿನ ಗುರುತು ಕೂಡ. ಮಧ್ಯಾಹ್ನ ಆ ಮನುಷ್ಯ ಬಂದು ಒಯ್ದ.

ಹತ್ತು ದಿನದ ಮೇಲೆ ಗಂಡಿನ ತಾಯಿಯೇ ಬಂದಳು, ಜೊತೆಗೆ ಇಬ್ಬರು ಹೆಣ್ಣುಮಕ್ಕಳು, ಕೈಯಲ್ಲಿ ಕಾಯಿ, ಸಕ್ಕರೆ, ಖಣ. ಅವ್ವ ಹೊಸ ಜಮಖಾನ ಹಾಸಿದಳು. ಬೇಡವೆನ್ನಲು ಬರುವವರು ಖಣ ತರುವುದಿಲ್ಲ. ನಾನು ಅಡುಗೆ ಮನೆಯ ಬಾಗಿಲ ಸಂದಿಗೆ ಕಿವಿಗೊಟ್ಟು ನಿಂತೆ.

"ಅಯ್ಯನಾರು ಹಾಳೀನ ಕಣ್ಣಿಗೆ ಹಚ್ಚಿ ನೋಡಿದ್ರು," ಅಂದಳು ಆಕೆ ಅಪ್ಪನಿಗೆ. "ಇಂಥಾ ಕೈ ನಾ ಕಂಡಿಲ್ಲ ಅಂದ್ರು. ಗಂಡನ್ನ ಕಳಕೊಳ್ಳೂ ಗೆರೀನ ಇಲ್ಲಂತ. ಮುದುಕಿ ಆಗೂತನಕ ಮುತ್ತೈದಿ."

ಅಪ್ಪನ ಮುಖ ಅರಳಿತು. ಕಾಕಾ ತನ್ನ ಹಾಳೆಯ ಗುಣವನ್ನು ಹೇಳಲು ಶುರು ಮಾಡಿದ. ಅವ್ವ ಕಣ್ಣೊರೆಸಿಕೊಂಡಳು. ಕಂಬದ ಹತ್ತಿರ ಶೇಂಗಾ ಒಡೆಯುವ ಸದ್ದು ನಿಂತಿತು.

"ಏನಂದ್ರಿ ಅಕ್ಕಾರ? ಇನ್ನೊಮ್ಮೆ ಅನ್ರಿ," ಅಂದಳು ಆಯಿ.

"ಮುತ್ತೈದಿ ಕೈ ಅಂದ್ರು, ಆಯಿ. ಕುಂಕುಮ ಅಳಿಸದಂಥಾ ಕೈ."

ಆಯಿ ತನ್ನ ಬಲಗೈಯನ್ನು ಸೆರಗಿಗೆ ಒರೆಸಿ, ಶೇಂಗಾದ ಹೊಟ್ಟು ಊದಿ, ಅದನ್ನೇ ನೋಡಿದಳು.

"ಹಂಗಾದ್ರ ನಮ್ಮಾಂವ ಎಲ್ಲಿ ಹ್ವಾದ?"

ಯಾರಿಗೂ ತಿಳಿಯಲಿಲ್ಲ. ಆಯಿ ಎದ್ದು ಬಂದು ಜಮಖಾನದ ಅಂಚಿಗೆ ಕುಳಿತು, ಆ ಹಾಳಿ ತಗೀರಿ ಅಂದಳು. ಗಂಡಿನ ತಾಯಿ ಚೀಲದಿಂದ ತೆಗೆದಳು. ಆಯಿ ಅಂಗೈ ಮಗುಚಿ ಅದರ ಮೇಲಿಟ್ಟಳು. ಬೆರಳಿಗೆ ಬೆರಳು ಕೂತಿತು. ಆಮೇಲೆ ಕೈಯೆತ್ತಿ ಕುಡುಗೋಲಿನ ಗುರುತು ತೋರಿಸಿದಳು, ಹಾಳೆಯಲ್ಲಿದ್ದುದನ್ನೂ ತೋರಿಸಿದಳು. "ಐವತ್ತ ವರ್ಷಾತು ರೀ," ಅಂದಳು, "ಅಯ್ಯನಾರಿಗೆ ಕೇಳ್ರಿ, ಆಂವ ಎಲ್ಲ್ಯಾರ ಇದ್ರ ಕಳಸಂತ." ಅಷ್ಟಂದು ನಗತೊಡಗಿದಳು. ಆಕೆ ನಕ್ಕಿದ್ದನ್ನು ನಾನು ಅಲ್ಲಿಯವರೆಗೆ ಕಂಡಿರಲಿಲ್ಲ, ಕೆಮ್ಮು ಬಂದಿತೆಂದುಕೊಂಡೆ.

ಅವರು ಚಹಾ ಕುಡಿಯದೆ ಎದ್ದರು. ಖಣ ತೆಗೆದುಕೊಂಡರು, ಕಾಯಿ ಮರೆತರು. ಅವ್ವ ನನ್ನ ಜಡೆ ಹಿಡಿದು, ನಿನ್ನ ಕೈ ಸೇದಿ ಹೋಗಲಿ ಎಂದು ಬೆನ್ನಿಗೆ ಎರಡು ಗುದ್ದಿದಳು. ಕೈ ಬದಲಿ ಮಾಡಿದ ಹುಡುಗಿ ಎಂಬ ಹೆಸರು ಬಿತ್ತು, ಐದು ವರ್ಷ ಯಾರೂ ನಮ್ಮ ಮನೆಗೆ ಹೆಣ್ಣು ಕೇಳಲು ಬರಲಿಲ್ಲ. ಅಪ್ಪ ಮಾತ್ರ ಹೊಡೆಯಲಿಲ್ಲ. ಸುತ್ತಿಗೆ, ಉಳಿ ತಂದು ಕತ್ತಲೆ ಕೋಣೆಯ ಚಿಲಕವನ್ನು ಕಿತ್ತ. ನಾಲ್ಕು ಮೊಳೆಯ ತೂತು ಉಳಿದವು. ಅದೇ ಚಿಲಕವನ್ನು ಬಾಗಿಲ ಹೊರಗೆ, ಅದೇ ಮೊಳೆಗಳಿಂದ ಹೊಡೆದ.

"ಇನ್ನ ಒಳಗ ಕುಂತು ಏನ್ ಮಾಡ್ತೀ ಮಾಡು. ಯಾವಾಗ ಹಾಕಬೇಕು, ಯಾವಾಗ ತಗೀಬೇಕು, ಹೊರಗಿನವರು ನೋಡ್ಕೋತಾರ."

"ಬಾಗಲಾ ತೂತ ಬಿತ್ತಲ್ಲೋ ಅಣ್ಣಾ," ಎಂದ ಕಾಕಾ. "ಬೆಳಕ ಬರ್ತೈತಿ. ಸಾಲಿ ಹುಡುಗರ ಫೋಟೋ ಕೊಡೂದೈತಿ." ಅವನಿಗೆ ಮರ್ಯಾದೆ ಹೋದದ್ದಕ್ಕಿಂತ ಅದೇ ಹೆಚ್ಚಾಗಿತ್ತು.

ಆಯಿ ಹೊರಗಿನ ಚಿಲಕವನ್ನು ಬಹಳ ಹೊತ್ತು ನೋಡಿದಳು.

ಮರುದಿನ ಬೆಳಿಗ್ಗೆ ರೊಟ್ಟಿ ಬಡಿದು ಮುಗಿಸಿ, ಉಳಿದ ಹಿಟ್ಟಿಗೆ ಹಂಚಿನ ಮಸಿ ಕಲಸಿ, ನಾಲ್ಕು ತೂತಿಗೂ ತುಂಬಿದೆ. ಹೊರಗೆ ಆಯಿ ಶೇಂಗಾ ಬುಟ್ಟಿಯನ್ನು ಕಂಬದ ಹತ್ತಿರದಿಂದ ಎಳೆದುಕೊಂಡು ಬಂದು, ಆ ಬಾಗಿಲಿಗೆ ಬೆನ್ನು ಕೊಟ್ಟು ಕುಳಿತಳು. ಚಿಲಕ ಅವಳ ತಲೆಯ ಹಿಂದೆ ಇತ್ತು, ಅವಳನ್ನು ಎಬ್ಬಿಸದೆ ಯಾರಿಗೂ ಅದು ಸಿಗುವಂತಿರಲಿಲ್ಲ. ನಾನು ಕೆಂಪು ಬಲ್ಬು ಹಾಕಿ, ಕಾಕಾನ ಡಬ್ಬಿಯಿಂದ ಒಂದು ಒಳ್ಳೆಯ ಹಾಳೆ, ತುಂಡಲ್ಲ, ಇಡೀ ಹಾಳೆ ತೆಗೆದು, ಅದರ ಮೇಲೆ ನನ್ನ ಎಡಗೈಯನ್ನು ತುಪ್ಪ ಹಚ್ಚದೆ ಹಾಗೇ ಇಟ್ಟೆ. ಬಿಳಿ ಬಲ್ಬು ಹಾಕಿ ಮೂರು ಎಣಿಸಿ ಆರಿಸಿದೆ. ಔಷಧದಲ್ಲಿ ಕಪ್ಪಿನ ನಡುವೆ ಬೆಳ್ಳಗೆ ಒಂದು ಕೈ ಎದ್ದಿತು. ಅದರಲ್ಲಿ ಒಂದು ಗೆರೆಯೂ ಇರಲಿಲ್ಲ. ಅದನ್ನು ಹೈಪೋದಲ್ಲಿ ಮುಳುಗಿಸಿಟ್ಟು, ಬಾಗಿಲಾಚೆ ಶೇಂಗಾ ಒಡೆಯುವ ಸದ್ದು ಕೇಳುತ್ತ, ಶಾಲೆಯ ಹುಡುಗರ ಫೋಟೋ ತೊಳೆಯಲು ಕುಳಿತೆ.